ಹಗಲಿಗೆ ಸೂರ್ಯ, ಅಹೋರಾತ್ರಿಗೆ ಅಣು

2047ರೊಳಗೆ ನೂರು ಗಿಗಾವಾಟ್ ಅಣುವಿದ್ಯುತ್ತಿನ ಗುರಿ. ಅದರ ಜೊತೆಜೊತೆಗೇ ಸೌರ ಮತ್ತು ಪವನ ಶಕ್ತಿಯ ಅಭೂತಪೂರ್ವ ವಿಸ್ತರಣೆ. ಭಾರತದ ಇಂಧನ ನೀತಿ ಹಿಡಿದಿರುವ ಈ ಜೋಡಿ ಹಾದಿಯ ವಿಜ್ಞಾನ, ಚರಿತ್ರೆ ಮತ್ತು ಸವಾಲುಗಳ ಸಮಗ್ರ ಚಿತ್ರಣ.

2016ರ ಮೇ 13ರಂದು ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ ವಿದ್ಯುತ್ ಉತ್ಪಾದನೆಗೆ ತೊಡಗಿತು. ಮತ್ತೆ ಅದು ನಿಂತದ್ದು 2018ರ ಡಿಸೆಂಬರ್ 31ರಂದು. ನಡುವಿನ 962 ದಿನಗಳಲ್ಲಿ ಮೂರು ಮುಂಗಾರುಗಳು ಸಹ್ಯಾದ್ರಿಯನ್ನು ತೋಯಿಸಿ ಹೋದವು, ಕಾಳಿ ನದಿ ಉಕ್ಕಿ ಇಳಿಯಿತು, ಎರಡು ಬೇಸಿಗೆಗಳು ದಕ್ಷಿಣದ ವಿದ್ಯುತ್ ಜಾಲವನ್ನು ಪರೀಕ್ಷೆಗೊಡ್ಡಿದವು. ಘಟಕ ಮಾತ್ರ ಒಂದು ಕ್ಷಣವೂ ವಿರಮಿಸಲಿಲ್ಲ. ಆ ಅವಧಿಯಲ್ಲಿ ಅದು ನೀಡಿದ ವಿದ್ಯುತ್ತು ಸುಮಾರು 500 ಕೋಟಿ ಯೂನಿಟ್. ಬ್ರಿಟನ್ನಿನ ಹೇಶಮ್ ಸ್ಥಾವರದ ಹೆಸರಿನಲ್ಲಿದ್ದ 940 ದಿನಗಳ ನಿರಂತರ ಓಟದ ವಿಶ್ವದಾಖಲೆಯನ್ನು ಡಿಸೆಂಬರ್ 10ರಂದೇ ದಾಟಿದ್ದ ಕೈಗಾ, ವರ್ಷದ ಕೊನೆಯ ದಿನ ಪರಿಶೀಲನೆಗಾಗಿ ನಿಂತಾಗ ಜಗತ್ತಿನ ಅಣುವಿದ್ಯುತ್ ಭೂಪಟದಲ್ಲಿ ಉತ್ತರ ಕನ್ನಡದ ಕಾಡಿನ ಹೆಸರೊಂದು ಅಗ್ರಸ್ಥಾನದಲ್ಲಿತ್ತು. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಘಟಕ ಈ ದಾಖಲೆಯನ್ನು ಮೀರಿತು. ಅದೂ ಕೈಗಾದಂತೆಯೇ ಭಾರಜಲ ಬಳಸುವ ರಿಯಾಕ್ಟರ್ ಎಂಬುದು ಗಮನಾರ್ಹ.

ಕೈಗಾ ಈ ಮಹಾ ಓಟದಲ್ಲಿದ್ದಾಗಲೇ, 2018ರ ಮಾರ್ಚ್ 1ರಂದು, ಕರ್ನಾಟಕದ ಇನ್ನೊಂದು ತುದಿಯಲ್ಲಿ ಮತ್ತೊಂದು ವಿಸ್ಮಯ ಉದ್ಘಾಟನೆಗೊಂಡಿತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಗಾಲಕ್ಕೇ ಹೆಸರಾದ ಸೀಮೆ. ಅಲ್ಲಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 'ಶಕ್ತಿಸ್ಥಳ' ಸೌರ ಉದ್ಯಾನ ತಲೆಯೆತ್ತಿತು. 2019ರ ಅಂತ್ಯಕ್ಕೆ ಅದರ ಸಾಮರ್ಥ್ಯ 2,050 ಮೆಗಾವಾಟ್‌ಗೆ ಏರಿತು. ಮಳೆಗಾಗಿ ಮುಗಿಲು ನೋಡುತ್ತಿದ್ದ ನೆಲದಲ್ಲಿ ಬಿಸಿಲೇ ಫಸಲಾಯಿತು.

ಒಂದೇ ರಾಜ್ಯದ ಈ ಎರಡು ತಾಣಗಳಲ್ಲಿ ಇಡೀ ದೇಶದ ಇಂಧನ ನೀತಿಯ ಸಾರಾಂಶ ಅಡಗಿದೆ. ಅಣುವೋ ಸೂರ್ಯನೋ ಎಂಬ ಚರ್ಚೆ ದಶಕಗಳಿಂದ ನಡೆದುಬಂದಿದೆ. ಆದರೆ ಅಂಕಿ ಅಂಶಗಳನ್ನು ಸಾವಧಾನದಿಂದ ಪರಿಶೀಲಿಸಿದವರಿಗೆ ಹೊಳೆಯುವ ಸತ್ಯವೆಂದರೆ, ಕಲ್ಲಿದ್ದಲಿನ ಹೊಗೆಯಿಂದ ಹೊರಬರಲು ಭಾರತಕ್ಕೆ ಇಬ್ಬರೂ ಬೇಕು, ಮತ್ತು ಇಬ್ಬರ ಕೆಲಸವೂ ಬೇರೆಬೇರೆ.

ಹದಿನೈದು ಕಿಲೋ ಭಾರದ ಮಹಾಶಕ್ತಿ

ಅಣುಶಕ್ತಿಯ ಅಗಾಧತೆಯನ್ನು ಅರಿಯಲು ಕೈಗಾದ ಇಂಧನವನ್ನು ಸಮೀಪದಿಂದ ನೋಡಬೇಕು. ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್‌ನಲ್ಲಿ ಸಿದ್ಧವಾಗುವ ಅದು ಅರ್ಧ ಮೀಟರ್ ಉದ್ದದ, ಅಂಗೈ ಅಗಲದ ಒಂದು ಕಟ್ಟು. ಜಿರ್ಕೋನಿಯಂ ಮಿಶ್ರಲೋಹದ ಹತ್ತೊಂಬತ್ತು ತೆಳು ಕೊಳವೆಗಳನ್ನು ಒಟ್ಟುಗೂಡಿಸಿ, ಅವುಗಳೊಳಗೆ ಯುರೇನಿಯಂ ಆಕ್ಸೈಡಿನ ಪುಟ್ಟ ಬಿಲ್ಲೆಗಳನ್ನು ಸಾಲಾಗಿ ತುಂಬಿರುತ್ತಾರೆ. ಹದಿನೈದು ಕಿಲೋ ಆಸುಪಾಸಿನ ಈ ಕಟ್ಟನ್ನು ಒಬ್ಬ ಮನುಷ್ಯ ಎರಡು ಕೈಗಳಲ್ಲಿ ಸಲೀಸಾಗಿ ಎತ್ತಬಲ್ಲ. ರಿಯಾಕ್ಟರಿನೊಳಗೆ ತನ್ನ ಆಯುಷ್ಯ ಮುಗಿಸುವಷ್ಟರಲ್ಲಿ ಇದು ಸುಮಾರು ಆರು ಲಕ್ಷ ಯೂನಿಟ್ ವಿದ್ಯುತ್ತಿಗೆ ಕಾರಣವಾಗಿರುತ್ತದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ಐನೂರು ಮನೆಗಳಿಗೆ ಒಂದು ವರ್ಷ ಪೂರ್ತಿ ಸಾಕಾಗುವಷ್ಟು!

ಈ ಶಕ್ತಿಯ ಮೂಲ ಯುರೇನಿಯಂ ಪರಮಾಣುವಿನ ಬೀಜಕೇಂದ್ರ. ನಿಸರ್ಗದಲ್ಲಿ ದೊರೆಯುವ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235ರ ಪ್ರಮಾಣ ಕೇವಲ 0.7%. ನ್ಯೂಟ್ರಾನ್ ಒಂದು ಅದಕ್ಕೆ ಬಡಿದಾಗ ಬೀಜಕೇಂದ್ರ ಇಬ್ಭಾಗವಾಗಿ, ಶಾಖವನ್ನೂ ಇನ್ನೆರಡು ಮೂರು ನ್ಯೂಟ್ರಾನ್‌ಗಳನ್ನೂ ಹೊರಚೆಲ್ಲುತ್ತದೆ. ಈ ಬಗೆಯಲ್ಲಿ ಒಂದೇ ಒಂದು ಗ್ರಾಂ ಯುರೇನಿಯಂ-235 ಪೂರ್ಣವಾಗಿ ವಿದಳನಗೊಂಡರೆ ಹೊಮ್ಮುವ ಶಾಖ ಸುಮಾರು ಮೂರು ಟನ್ ಉತ್ತಮ ಕಲ್ಲಿದ್ದಲಿನ ಶಾಖಕ್ಕೆ ಸಮ. ಹೊರಚಿಮ್ಮುವ ನ್ಯೂಟ್ರಾನ್‌ಗಳ ವೇಗ ತಗ್ಗಿದರೆ ಮಾತ್ರ ಈ ಸರಪಳಿ ಕ್ರಿಯೆ ಮುಂದುವರಿಯುತ್ತದೆ. ಆ ಕೆಲಸವನ್ನು ಕೈಗಾದಲ್ಲಿ ಮಾಡುವುದು ಭಾರಜಲ. ಸಾಧಾರಣ ನೀರು ನ್ಯೂಟ್ರಾನ್‌ಗಳನ್ನು ನಿಧಾನಗೊಳಿಸುವುದರ ಜೊತೆಗೆ ಒಂದಷ್ಟನ್ನು ನುಂಗಿಯೂ ಬಿಡುತ್ತದೆ. ಭಾರಜಲ ನುಂಗುವುದು ಅತ್ಯಲ್ಪ. ಆದ್ದರಿಂದಲೇ ಯುರೇನಿಯಂ ಸಂವರ್ಧನೆಯ ದುಬಾರಿ, ಕ್ಲಿಷ್ಟ ಪ್ರಕ್ರಿಯೆಯ ಹಂಗಿಲ್ಲದೆ ನೈಸರ್ಗಿಕ ಯುರೇನಿಯಂನಿಂದಲೇ ಈ ರಿಯಾಕ್ಟರುಗಳು ನಡೆಯುತ್ತವೆ.

ಕೈಗಾದ 220 ಮೆಗಾವಾಟ್ ರಿಯಾಕ್ಟರಿನ ಉದರದಲ್ಲಿ ಇಂತಹ ಇಂಧನ ಕಟ್ಟುಗಳನ್ನು ಹೊತ್ತ 306 ಅಡ್ಡ ನಾಳಗಳಿವೆ. ಸಾಮಾನ್ಯ ನೀರಿನ ರಿಯಾಕ್ಟರುಗಳನ್ನು ಇಂಧನ ಬದಲಿಸಲು ಕಾಲಕಾಲಕ್ಕೆ ನಿಲ್ಲಿಸಲೇಬೇಕು. ಇಲ್ಲಿ ಹಾಗಿಲ್ಲ. ಒಂದು ನಾಳದ ಎರಡೂ ತುದಿಗಳಿಗೆ ಎರಡು ಯಂತ್ರಗಳು ಬಂದು ಕಚ್ಚಿಕೊಳ್ಳುತ್ತವೆ. ಒಂದು ಯಂತ್ರ ಹೊಸ ಕಟ್ಟುಗಳನ್ನು ಒಳಗೆ ನೂಕಿದರೆ, ಅತ್ತಲಿನದು ದಣಿದ ಕಟ್ಟುಗಳನ್ನು ಸ್ವೀಕರಿಸುತ್ತದೆ. ರಿಯಾಕ್ಟರ್ ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತಿರುವಾಗಲೇ, ಹೆಚ್ಚುಕಡಿಮೆ ದಿನಕ್ಕೊಂದು ನಾಳದಂತೆ, ಈ ವಿನಿಮಯ ಸಾಗುತ್ತದೆ. 962 ದಿನಗಳ ಆ ದಾಖಲೆಯ ಹಿಂದಿನ ತಾಂತ್ರಿಕ ರಹಸ್ಯ ಇದು. ಆ ಇಂಧನವೂ ಸ್ವದೇಶಿ ಯುರೇನಿಯಂನದೇ.

ಭಾಭಾ ಕಂಡ ದರ್ಶನ, ಕನ್ನಡಿಗರು ಕಟ್ಟಿದ ಸೌಧ

ಈ ಸಾಧನೆಯ ಬೇರುಗಳು ಸ್ವಾತಂತ್ರ್ಯದ ಮೊದಲ ದಿನಗಳಿಗೆ ಚಾಚಿವೆ. 1948ರಲ್ಲಿ ಅಣುಶಕ್ತಿ ಆಯೋಗ ರಚನೆಯಾಯಿತು. 1954ರಲ್ಲಿ ಅಣುಶಕ್ತಿ ಇಲಾಖೆ ಸ್ಥಾಪನೆಗೊಂಡಿತು. ಇವೆರಡರ ಚೇತನವಾಗಿದ್ದವರು ಹೋಮಿ ಜಹಾಂಗೀರ್ ಭಾಭಾ. 1955ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆ ನಡೆಸಿದ ಅಣುಶಕ್ತಿಯ ಶಾಂತಿಯುತ ಬಳಕೆಯ ಮೊದಲ ಮಹಾಸಮ್ಮೇಳನದ ಅಧ್ಯಕ್ಷ ಪೀಠ ಅಲಂಕರಿಸಿದವರೂ ಅವರೇ. ಮರುವರ್ಷ, 1956ರ ಆಗಸ್ಟ್ 4ರಂದು, ಟ್ರಾಂಬೆಯಲ್ಲಿ 'ಅಪ್ಸರಾ' ಸಂಶೋಧನಾ ರಿಯಾಕ್ಟರ್ ಜೀವ ತಳೆದಾಗ ಏಷ್ಯಾ ಖಂಡದಲ್ಲೇ ಮೊದಲಿಗರೆಂಬ ಹಿರಿಮೆ ಭಾರತಕ್ಕೆ ಸಂದಿತು.

ಭಾಭಾ ಅವರ ದೂರದರ್ಶಿತ್ವಕ್ಕೆ ಅತ್ಯುತ್ತಮ ನಿದರ್ಶನ ಅವರ ಮೂರು ಹಂತಗಳ ಯೋಜನೆ. ಭಾರತದಲ್ಲಿ ಯುರೇನಿಯಂ ನಿಕ್ಷೇಪ ಸೀಮಿತ. ಆದರೆ ಕೇರಳ, ತಮಿಳುನಾಡು, ಒಡಿಶಾ ಕಡಲತೀರಗಳ ಮರಳಿನಲ್ಲಿ ಥೋರಿಯಂ ಹೇರಳ. ಮೊದಲ ಹಂತದಲ್ಲಿ ನೈಸರ್ಗಿಕ ಯುರೇನಿಯಂ ಬಳಸಿ ವಿದ್ಯುತ್ತಿನ ಜೊತೆಗೆ ಪ್ಲುಟೋನಿಯಂ ಪಡೆಯುವುದು, ಎರಡನೆಯ ಹಂತದಲ್ಲಿ ಆ ಪ್ಲುಟೋನಿಯಂನಿಂದ ಕ್ಷಿಪ್ರ ತಳಿ ರಿಯಾಕ್ಟರುಗಳನ್ನು ನಡೆಸಿ, ಉರಿದುದಕ್ಕಿಂತ ಹೆಚ್ಚು ಇಂಧನ ಸೃಷ್ಟಿಸುವುದು, ಮೂರನೆಯ ಹಂತದಲ್ಲಿ ಥೋರಿಯಂ ಅನ್ನು ಯುರೇನಿಯಂ-233 ಆಗಿ ಮಾರ್ಪಡಿಸಿ ಬಳಸುವುದು ಆ ಯೋಜನೆಯ ಕ್ರಮ. ತನ್ನ ನೆಲದ ಸಂಪನ್ಮೂಲಕ್ಕೆ ತಕ್ಕಂತೆ ರಾಷ್ಟ್ರವೊಂದು ಶತಮಾನದ ಲೆಕ್ಕದಲ್ಲಿ ಇಂಧನ ಯೋಜನೆ ರೂಪಿಸಿದ ಉದಾಹರಣೆಗಳು ಪ್ರಪಂಚದಲ್ಲಿ ವಿರಳ.

1969ರಲ್ಲಿ ಮಹಾರಾಷ್ಟ್ರದ ತಾರಾಪುರದಲ್ಲಿ ಅಮೆರಿಕದ ನೆರವಿನಿಂದ ಮೊದಲ ಎರಡು ಘಟಕಗಳು ವಿದ್ಯುತ್ ನೀಡತೊಡಗಿದವು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಕೆನಡಾದ ಸಹಯೋಗದ ಭಾರಜಲ ರಿಯಾಕ್ಟರ್ 1973ರಲ್ಲಿ ಕಾರ್ಯಾರಂಭ ಮಾಡಿತು. ಮರುವರ್ಷ ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ನಡೆಯಿತು. ಕೆನಡಾ ಕೈ ಹಿಂದೆಗೆದುಕೊಂಡಿತು; ಜಗತ್ತಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಆ ಏಕಾಂತವೇ ವರವಾಯಿತು ಎನ್ನಬೇಕು. ಭಾರಜಲದಿಂದ ಹಿಡಿದು ಉಗಿ ಉತ್ಪಾದಕಗಳವರೆಗೆ ಎಲ್ಲವನ್ನೂ ದೇಶದಲ್ಲೇ ತಯಾರಿಸುವ ಅನಿವಾರ್ಯ ಒದಗಿ, ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ್, ಕೈಗಾ ಸ್ಥಾವರಗಳು ಭಾರತೀಯ ಎಂಜಿನಿಯರುಗಳ ಕೈಯಲ್ಲೇ ರೂಪುಗೊಂಡವು.

ಈ ಅಧ್ಯಾಯದಲ್ಲಿ ಇಬ್ಬರು ಕನ್ನಡಿಗರ ಹೆಸರು ಚಿರಸ್ಮರಣೀಯ. ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ 1925ರಲ್ಲಿ ಜನಿಸಿದ ರಾಜಾ ರಾಮಣ್ಣ, ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ 1974ರ ಪೋಖ್ರಾನ್ ಪರೀಕ್ಷೆಯ ನೇತೃತ್ವ ವಹಿಸಿದವರು. ಮುಂದೆ ಅಣುಶಕ್ತಿ ಆಯೋಗದ ಅಧ್ಯಕ್ಷರಾದವರು. ಪಿಯಾನೊ ವಾದನದಲ್ಲೂ ಅಷ್ಟೇ ಪರಿಣತರು. ಬೆಂಗಳೂರಿನಲ್ಲಿ 1930ರಲ್ಲಿ ಜನಿಸಿದ ಎಂ. ಆರ್. ಶ್ರೀನಿವಾಸನ್, 1955ರಲ್ಲಿ ಅಣುಶಕ್ತಿ ಇಲಾಖೆ ಸೇರಿ ಅಪ್ಸರಾ ನಿರ್ಮಾಣದಿಂದಲೇ ಕೆಲಸ ಆರಂಭಿಸಿದವರು. 1987ರಲ್ಲಿ ಅಸ್ತಿತ್ವಕ್ಕೆ ಬಂದ ಭಾರತೀಯ ಅಣುವಿದ್ಯುತ್ ನಿಗಮದ ಸ್ಥಾಪಕ ಅಧ್ಯಕ್ಷರು. ಪ್ರಯೋಗಾಲಯದ ವಿಜ್ಞಾನವನ್ನು ಕಾಂಕ್ರೀಟು, ಉಕ್ಕು, ವಿದ್ಯುತ್ ತಂತಿಗಳ ವಾಸ್ತವವಾಗಿಸಿದ ಶಿಲ್ಪಿ ಎಂದರೆ ಅವರೇ. ಪದ್ಮವಿಭೂಷಣ ಪುರಸ್ಕೃತರಾದ ಅವರು 2025ರ ಮೇ ತಿಂಗಳಲ್ಲಿ ಕೀರ್ತಿಶೇಷರಾದರು.

ಬಿಸಿಲಿನ ವಿಜಯಯಾತ್ರೆ

ಅಣುವಿನ ಕಥೆ ಏಳು ದಶಕಗಳದ್ದಾದರೆ, ಸೂರ್ಯನ ಕಥೆ ಹದಿನೈದು ವರ್ಷಗಳ ಮಿಂಚಿನ ಓಟ. 2010ರ ಜನವರಿಯಲ್ಲಿ ರಾಷ್ಟ್ರೀಯ ಸೌರ ಮಿಷನ್ ಆರಂಭವಾದಾಗ ಗುರಿ ಇದ್ದದ್ದು 20 ಗಿಗಾವಾಟ್. ಅಂದು ಅದೇ ಅತಿಯಾಸೆಯಂತೆ ಕಂಡಿತ್ತು. 2025ರ ಆರಂಭಕ್ಕೆ ದೇಶದ ಸೌರ ಸಾಮರ್ಥ್ಯ 100 ಗಿಗಾವಾಟ್ ದಾಟಿತು. ಪವನ ವಿದ್ಯುತ್ ಸಾಮರ್ಥ್ಯ ಅದೇ ವರ್ಷ 50 ಗಿಗಾವಾಟ್ ಮೀರಿತು. ದರವಂತೂ ಊಹೆಗೂ ನಿಲುಕದಷ್ಟು ಇಳಿಯಿತು. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ ಸೌರ ವಿದ್ಯುತ್ತಿನ ಯೂನಿಟ್ ದರ ಎರಡು ರೂಪಾಯಿಗಿಂತ ಒಂದು ಪೈಸೆ ಕೆಳಗೆ, 1.99 ರೂಪಾಯಿಗೆ ಬಂದು ನಿಂತಿತು.

ಪಾವಗಡದ ಮಾದರಿ ಇಲ್ಲಿ ವಿಶೇಷ ಉಲ್ಲೇಖಕ್ಕೆ ಅರ್ಹ. ರೈತರ ಜಮೀನನ್ನು ಖರೀದಿಸುವ ಬದಲು ಸರ್ಕಾರ ಅದನ್ನು ದೀರ್ಘಾವಧಿ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಗಳಿಗೊಮ್ಮೆ ಶೇಕಡಾ ಐದರ ಏರಿಕೆ, ಮಾಲೀಕತ್ವ ರೈತನದೇ. ಹೊಲದ ಪಹಣಿ ಕೈತಪ್ಪದೆ ಯೋಜನೆ ಬೆಳೆದ ಈ ಪರಿ ದೇಶದ ಗಮನ ಸೆಳೆಯಿತು. ಗೇಣಿ ಮಾಡಿಯೋ ಕೂಲಿ ಮಾಡಿಯೋ ಬದುಕುತ್ತಿದ್ದ ಭೂರಹಿತರಿಗೆ ಮಾತ್ರ ಈ ಬಾಡಿಗೆಯಲ್ಲಿ ಪಾಲಿರಲಿಲ್ಲ ಎಂಬುದನ್ನೂ ಹೇಳಬೇಕು. ಮುಂದಿನ ಸೌರ ಉದ್ಯಾನಗಳು ಕಲಿಯಬೇಕಾದ ಪಾಠ ಅದು.

2021ರ ನವೆಂಬರ್‌ನಲ್ಲಿ ಗ್ಲಾಸ್ಗೊ ಹವಾಮಾನ ಶೃಂಗಸಭೆಯಲ್ಲಿ ಭಾರತ, 2030ರೊಳಗೆ 500 ಗಿಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯ ಮತ್ತು 2070ರೊಳಗೆ ನಿವ್ವಳ ಶೂನ್ಯ ಇಂಗಾಲದ ಸಂಕಲ್ಪವನ್ನು ಘೋಷಿಸಿತು. 2030ಕ್ಕೆ ತಲುಪಬೇಕಿದ್ದ ಇನ್ನೊಂದು ಗುರಿ, ಅಂದರೆ ಒಟ್ಟು ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಪಳೆಯುಳಿಕೆಯೇತರ ಮೂಲಗಳದ್ದಾಗಬೇಕೆಂಬುದು, ಐದು ವರ್ಷ ಮೊದಲೇ, 2025ರ ಮಧ್ಯಭಾಗದಲ್ಲಿ ಕೈಗೂಡಿತು. ಯಾವ ಅಳತೆಗೋಲಿನಲ್ಲಿ ನೋಡಿದರೂ ಇದು ಹೆಮ್ಮೆಯ ಮೈಲಿಗಲ್ಲು.

ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ

ಹಾಗಿದ್ದರೆ ಅಣುವಿದ್ಯುತ್ತಿನ ಗೊಡವೆ ಏಕೆ? ಈ ಸಹಜ ಪ್ರಶ್ನೆಗೆ ಉತ್ತರ ಪಾವಗಡ ಮತ್ತು ಕೈಗಾಗಳ ಸರಳ ಲೆಕ್ಕದಲ್ಲೇ ಇದೆ. ಪಾವಗಡದ ಸ್ಥಾಪಿತ ಸಾಮರ್ಥ್ಯ 2,050 ಮೆಗಾವಾಟ್. ಆದರೆ ರಾತ್ರಿ, ಮುಂಜಾನೆ, ಮುಸ್ಸಂಜೆ, ಮೋಡಗಳನ್ನೆಲ್ಲ ಕಳೆದು ವರ್ಷದ ಸರಾಸರಿ ತೆಗೆದರೆ ಸೌರ ಫಲಕಗಳಿಂದ ಸಿಗುವುದು ಸಾಮರ್ಥ್ಯದ ಐದನೇ ಒಂದು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು. ಎಂದರೆ ಸರಾಸರಿ 400ರಿಂದ 450 ಮೆಗಾವಾಟ್. ಕೈಗಾದ ನಾಲ್ಕು ಘಟಕಗಳ ಒಟ್ಟು ಸಾಮರ್ಥ್ಯ 880 ಮೆಗಾವಾಟ್ ಮಾತ್ರ. ಅವು 85%ರಷ್ಟು ಕಾಲ ಪೂರ್ಣ ಪ್ರಮಾಣದಲ್ಲಿ ಓಡಿದರೂ ಸರಾಸರಿ 750 ಮೆಗಾವಾಟ್ ಸಿಗುತ್ತದೆ. ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಕಡಿಮೆಯಿರುವ ಸ್ಥಾವರ, ವರ್ಷದ ಉತ್ಪಾದನೆಯಲ್ಲಿ ಒಂದೂ ಮುಕ್ಕಾಲು ಪಟ್ಟು!

ರಾಷ್ಟ್ರಮಟ್ಟದಲ್ಲೂ ಇದೇ ಚಿತ್ರ. ಸಾಮರ್ಥ್ಯದ ಅರ್ಧಭಾಗ ಪಳೆಯುಳಿಕೆಯೇತರ ಎಂದು ನಾವು ಸಂಭ್ರಮಿಸುವಾಗಲೂ, ವಾಸ್ತವದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಮುಕ್ಕಾಲು ಪಾಲಿನ ಆಸುಪಾಸು ಕಲ್ಲಿದ್ದಲಿನಿಂದಲೇ ಬರುತ್ತಿದೆ. ಅಣುವಿನ ಪಾಲು ಸುಮಾರು 3% ಅಷ್ಟೇ. ನಡುಹಗಲು ಸೌರ ವಿದ್ಯುತ್ತು ಜಾಲದಲ್ಲಿ ಉಕ್ಕಿ ಹರಿಯುತ್ತದೆ. ಸಂಜೆ ಆರರ ಹೊತ್ತಿಗೆ ಅದು ಇಳಿಮುಖವಾಗಿ, ಮನೆಮನೆಗಳಲ್ಲಿ ದೀಪ, ಟಿ.ವಿ., ಮಿಕ್ಸಿ, ಹವಾನಿಯಂತ್ರಕಗಳು ಚಾಲೂ ಆಗುವ ಹೊತ್ತಿಗೆ ಸರಿಯಾಗಿ ಶೂನ್ಯಕ್ಕೆ ಬರುತ್ತದೆ. 2024ರ ಮೇ 30ರಂದು ದೇಶದ ಗರಿಷ್ಠ ಬೇಡಿಕೆ 250 ಗಿಗಾವಾಟ್ ಮುಟ್ಟಿ ದಾಖಲೆ ಬರೆಯಿತು. ಅದನ್ನು ಪೂರೈಸಲು ಹಗಲಿನಲ್ಲಿ ಸೂರ್ಯನ ಆಸರೆಯಿತ್ತು. ಸೂರ್ಯಾಸ್ತದ ನಂತರದ ಬೇಡಿಕೆಯೇ ಇಂದು ಯೋಜನಾ ತಜ್ಞರ ನಿದ್ದೆಗೆಡಿಸುವ ಅಂಕಿ.

ಸಂಸಾರ ತೂಗಿಸಲು ಸುಗ್ಗಿಯ ವರಮಾನವೂ ಬೇಕು, ತಿಂಗಳು ತಪ್ಪದ ಸಂಬಳವೂ ಬೇಕು. ಸೂರ್ಯ, ಗಾಳಿಗಳದು ಸುಗ್ಗಿಯ ಸಮೃದ್ಧಿ. ಅಣುವಿನದು ತಿಂಗಳ ಸಂಬಳದ ನಿಶ್ಚಿತತೆ. ಇವೆರಡರ ನಡುವಿನ ಏರುಪೇರನ್ನು ಸರಿದೂಗಿಸಲು ಜಲವಿದ್ಯುತ್, ಬ್ಯಾಟರಿ ಮತ್ತು ಪಂಪ್ಡ್ ಸ್ಟೋರೇಜ್ ಯೋಜನೆಗಳು ಬೇಕು. ಹಗಲಿನ ಅಗ್ಗದ ಸೌರ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಅದನ್ನೇ ಕೆಳಗಿಳಿಸಿ ಟರ್ಬೈನ್ ತಿರುಗಿಸುವುದು ಪಂಪ್ಡ್ ಸ್ಟೋರೇಜ್ ತತ್ತ್ವ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಇಂತಹ ಯೋಜನೆ ಪ್ರಸ್ತಾಪವಾಗಿದ್ದು, ಸಿಂಗಳೀಕಗಳ ನೆಲೆಯಾದ ಮಳೆಕಾಡಿಗೆ ಧಕ್ಕೆಯಾಗುತ್ತದೆಂಬ ತೀವ್ರ ವಿರೋಧವನ್ನೂ ಎದುರಿಸುತ್ತಿದೆ. 'ಹಸಿರು' ಎನಿಸಿಕೊಂಡ ಪ್ರತಿಯೊಂದು ಯೂನಿಟ್ಟಿಗೂ ನೆಲದ ಮೇಲೆ ಒಂದು ಬೆಲೆ ಇದ್ದೇ ಇದೆ.

ಇಂಗಾಲದ ಲೆಕ್ಕದಲ್ಲಿ ಅಣುವೂ ಗಾಳಿಯೂ ಸರಿಸಮಾನ ಎಂಬುದು ಅನೇಕರಿಗೆ ಅಚ್ಚರಿ ತರಬಹುದು. ಗಣಿಯಿಂದ ಹಿಡಿದು ಸ್ಥಾವರ ಕಳಚುವವರೆಗಿನ ಪೂರ್ಣ ಜೀವನಚಕ್ರವನ್ನು ಪರಿಗಣಿಸಿ, ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ 2014ರಲ್ಲಿ ನೀಡಿದ ಮಧ್ಯಮ ಅಂದಾಜಿನಂತೆ, ಪ್ರತಿ ಯೂನಿಟ್ಟಿಗೆ ಅಣುವಿದ್ಯುತ್ತು 12 ಗ್ರಾಂ, ನೆಲದ ಮೇಲಿನ ಪವನ ವಿದ್ಯುತ್ತು 11 ಗ್ರಾಂ ಇಂಗಾಲಾನಿಲ ಹೊರಸೂಸುತ್ತವೆ. ಕಲ್ಲಿದ್ದಲಿನದು 820 ಗ್ರಾಂ.

ಜಾಲ ಬೆಸೆದ ರಾಯಚೂರು

ಎಲ್ಲೋ ಬೀಸುವ ಗಾಳಿ, ಇನ್ನೆಲ್ಲೋ ಸುಡುವ ಬಿಸಿಲು, ಮತ್ತೆಲ್ಲೋ ಒಡೆಯುವ ಅಣು ಇವೆಲ್ಲವೂ ಒಂದೇ ಸ್ವಿಚ್ಚಿಗೆ ಬಂದು ಸೇರುವ ಪವಾಡದ ಹೆಸರು ರಾಷ್ಟ್ರೀಯ ಗ್ರಿಡ್. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತ ಕತ್ತಲಲ್ಲಿ ಮುಳುಗಿತ್ತು. ಅರವತ್ತು ಕೋಟಿಗೂ ಹೆಚ್ಚು ಜನರಿದ್ದ ಪ್ರದೇಶಕ್ಕೆ ವಿದ್ಯುತ್ ಇಲ್ಲವಾಯಿತು. ದಕ್ಷಿಣದ ಜಾಲ ಆಗಿನ್ನೂ ಪ್ರತ್ಯೇಕವಾಗಿದ್ದುದರಿಂದ ನಮ್ಮ ದೀಪಗಳು ಆರಲಿಲ್ಲ. ಆದರೆ ಆ ಪ್ರತ್ಯೇಕತೆಯಿಂದಾಗಿ ಬೇಸಿಗೆಯ ಕೊರತೆಯ ದಿನಗಳಲ್ಲಿ ಉತ್ತರದ ವಿದ್ಯುತ್ತನ್ನು ಬೇಕಾದಷ್ಟು ತರಿಸಿಕೊಳ್ಳಲೂ ಆಗುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು ದಕ್ಷಿಣವೂ ಬೆಸೆದುಕೊಂಡಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಪ್ರತಿಯೊಂದು ಜನರೇಟರೂ 50 ಹರ್ಟ್ಸ್‌ನ ಒಂದೇ ಲಯದಲ್ಲಿ ತಿರುಗುತ್ತದೆ.

ಈ ಲಯವನ್ನು ಕಾಯುವುದರಲ್ಲೂ ಅಣುಸ್ಥಾವರಗಳ ಪಾತ್ರವಿದೆ. ನೂರಾರು ಟನ್ ತೂಕದ ಅವುಗಳ ತಿರುಗುವ ಯಂತ್ರಭಾಗಗಳು ಜಾಲದಲ್ಲಿ ಹಠಾತ್ ಏರುಪೇರಾದಾಗ ತಮ್ಮ ಜಡತ್ವದಿಂದಲೇ ಕ್ಷಣಕಾಲ ಅದನ್ನು ತಾಳಿಕೊಳ್ಳುತ್ತವೆ. ಸೌರ ಫಲಕಗಳಲ್ಲಿ ತಿರುಗುವ ಭಾಗವೇ ಇಲ್ಲ. ಸೂರ್ಯನ ಪಾಲು ಹೆಚ್ಚಿದಂತೆಲ್ಲ ಈ ಸ್ಥೈರ್ಯದ ಮೌಲ್ಯವೂ ಏರುತ್ತದೆ.

ಜಗತ್ತು ಹಿಡಿದ ಹಾದಿಗಳು

ತೈಲ ಬಿಕ್ಕಟ್ಟಿನ ಬಿಸಿಗೆ ಎಚ್ಚೆತ್ತ ಫ್ರಾನ್ಸ್ 1974ರಲ್ಲಿ ಅಣುವಿದ್ಯುತ್ತಿನ ಬೃಹತ್ ಯೋಜನೆ ಕೈಗೊಂಡು, ಇಂದು ತನ್ನ ವಿದ್ಯುತ್ತಿನ ಮೂರನೇ ಎರಡು ಭಾಗದಷ್ಟನ್ನು ಅಣುವಿನಿಂದಲೇ ಪಡೆಯುತ್ತಿದೆ. 2011ರ ಮಾರ್ಚ್‌ನ ಫುಕುಶಿಮಾ ದುರಂತದ ನಂತರ ಜರ್ಮನಿ ಹಿಂದೆ ಸರಿಯಿತು. ಅದರ ಕೊನೆಯ ಮೂರು ರಿಯಾಕ್ಟರುಗಳು 2023ರ ಏಪ್ರಿಲ್ 15ರಂದು ಮುಚ್ಚಿದವು. ದುರಂತ ನಡೆದ ಜಪಾನೇ 2015ರಿಂದ ಒಂದೊಂದಾಗಿ ತನ್ನ ರಿಯಾಕ್ಟರುಗಳನ್ನು ಪುನರಾರಂಭಿಸುತ್ತಿದೆ. 2023ರ ದುಬೈ ಹವಾಮಾನ ಶೃಂಗಸಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರಗಳು 2050ರೊಳಗೆ ಜಗತ್ತಿನ ಅಣುವಿದ್ಯುತ್ ಸಾಮರ್ಥ್ಯವನ್ನು ಮೂರು ಪಟ್ಟು ಹೆಚ್ಚಿಸುವ ಘೋಷಣೆಗೆ ಸಹಿ ಹಾಕಿದವು. ಒಬ್ಬರ ಔಷಧಿ ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ. ಭಾರತದ ಪರಿಸ್ಥಿತಿ ಈ ಎಲ್ಲರಿಗಿಂತ ಭಿನ್ನ, ಏಕೆಂದರೆ ಇಲ್ಲಿ ವಿದ್ಯುತ್ ಬೇಡಿಕೆ ಇನ್ನೂ ಏರುಗತಿಯಲ್ಲಿದೆ.

ನೂರು ಗಿಗಾವಾಟ್‌ನ ಮಹತ್ಸಂಕಲ್ಪ

2025ರ ಕೇಂದ್ರ ಬಜೆಟ್ ಅಣುಶಕ್ತಿ ಮಿಷನ್ ಘೋಷಿಸಿತು. ಸ್ವಾತಂತ್ರ್ಯದ ಶತಮಾನೋತ್ಸವದ ವರ್ಷವಾದ 2047ಕ್ಕೆ 100 ಗಿಗಾವಾಟ್ ಸಾಮರ್ಥ್ಯ ಅದರ ಗುರಿ. ಚಿಕ್ಕ ಗಾತ್ರದ ಮಾಡ್ಯುಲರ್ ರಿಯಾಕ್ಟರುಗಳ ಸಂಶೋಧನೆಗೆ 20,000 ಕೋಟಿ ರೂಪಾಯಿ ಮೀಸಲಾಯಿತು. 2033ರೊಳಗೆ ದೇಶೀಯವಾಗಿ ರೂಪಿಸಿದ ಐದಾದರೂ ಇಂತಹ ರಿಯಾಕ್ಟರುಗಳು ಕಾರ್ಯಾರಂಭ ಮಾಡಬೇಕೆಂಬುದು ಆಶಯ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು 'ಶಾಂತಿ' ಮಸೂದೆಯನ್ನು ಅಂಗೀಕರಿಸಿತು. 1962ರ ಅಣುಶಕ್ತಿ ಕಾಯ್ದೆ ಮತ್ತು 2010ರ ಅಣು ಹಾನಿ ಹೊಣೆಗಾರಿಕೆ ಕಾಯ್ದೆಗಳ ಸ್ಥಾನದಲ್ಲಿ ಬಂದ ಈ ಶಾಸನ, ಸರ್ಕಾರದ ಏಕಸ್ವಾಮ್ಯದಲ್ಲಿದ್ದ ಕ್ಷೇತ್ರದ ಬಾಗಿಲನ್ನು ಖಾಸಗಿ ಬಂಡವಾಳಕ್ಕೂ ತೆರೆಯಿತು; ಸುರಕ್ಷತೆಯ ಮೇಲ್ವಿಚಾರಣೆ ನಡೆಸುವ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಶಾಸನಬದ್ಧ ಸ್ಥಾನ ನೀಡಿತು. ಪರಿಕರ ಪೂರೈಕೆದಾರರ ಹೊಣೆ ಸಡಿಲವಾಯಿತೆಂಬ ಆಕ್ಷೇಪವೂ ಇದರ ಬೆನ್ನಿಗೇ ಕೇಳಿಬಂದಿದೆ.

ಕಟ್ಟಡದ ಕೆಲಸವೂ ಚುರುಕಾಗಿದೆ. ಸ್ವದೇಶಿ ವಿನ್ಯಾಸದ 700 ಮೆಗಾವಾಟ್ ಭಾರಜಲ ರಿಯಾಕ್ಟರ್ ಇಂದಿನ ಅಣುವಿದ್ಯುತ್ ಕಾರ್ಯಕ್ರಮದ ಬೆನ್ನೆಲುಬು. ಗುಜರಾತಿನ ಕಾಕ್ರಾಪಾರ್‌ನಲ್ಲಿ ಇಂತಹ ಎರಡು ಘಟಕಗಳು 2023 ಮತ್ತು 2024ರಲ್ಲಿ ವಾಣಿಜ್ಯ ಉತ್ಪಾದನೆಗೆ ಇಳಿದವು; ರಾವತ್‌ಭಾಟಾದ ಏಳನೇ ಘಟಕ 2025ರ ಏಪ್ರಿಲ್‌ನಲ್ಲಿ ಅವುಗಳನ್ನು ಸೇರಿಕೊಂಡಿತು. 2017ರಲ್ಲಿ ಒಂದೇ ಕಂತಿನಲ್ಲಿ ಮಂಜೂರಾದ ಹತ್ತು ರಿಯಾಕ್ಟರುಗಳ ಪೈಕಿ ಎರಡು ಕೈಗಾದ ಪಾಲಿಗೆ ಬಂದಿವೆ. ಐದು ಮತ್ತು ಆರನೇ ಘಟಕಗಳು ಪೂರ್ಣಗೊಂಡಾಗ ಕೈಗಾದ ಸಾಮರ್ಥ್ಯ 880ರಿಂದ 2,280 ಮೆಗಾವಾಟ್‌ಗೆ ಜಿಗಿಯಲಿದೆ. ತಮಿಳುನಾಡಿನ ಕಲ್ಪಾಕ್ಕಂನಲ್ಲಿ 500 ಮೆಗಾವಾಟ್‌ನ ಕ್ಷಿಪ್ರ ತಳಿ ರಿಯಾಕ್ಟರಿನ ಗರ್ಭ ತುಂಬುವ ಕಾರ್ಯಕ್ಕೆ 2024ರ ಮಾರ್ಚ್ 4ರಂದು ಚಾಲನೆ ದೊರೆಯಿತು. ಭಾಭಾ ಕಂಡ ಎರಡನೆಯ ಹಂತದ ಹೆಬ್ಬಾಗಿಲು ಅದು.

ಆದರೂ ಲೆಕ್ಕ ಕಠೋರವಾದುದು. 1969ರಿಂದ 2025ರವರೆಗಿನ 56 ವರ್ಷಗಳಲ್ಲಿ ದೇಶ ಕಟ್ಟಿಕೊಂಡಿರುವುದು ಒಂಬತ್ತು ಗಿಗಾವಾಟ್‌ಗೂ ತುಸು ಕಡಿಮೆ. ಇನ್ನು 22 ವರ್ಷಗಳಲ್ಲಿ ಅದರ ಹನ್ನೊಂದು ಪಟ್ಟು ಆಗಬೇಕು. ಪಾವಗಡ ನಾಲ್ಕೈದು ವರ್ಷಗಳಲ್ಲಿ ಎದ್ದು ನಿಂತಿತು. 1989ರಲ್ಲಿ ನಿರ್ಮಾಣ ಆರಂಭಿಸಿದ ಕೈಗಾ ಮೊದಲ ವಾಣಿಜ್ಯ ವಿದ್ಯುತ್ ನೀಡಿದ್ದು 2000ದಲ್ಲಿ. ಸೂರ್ಯ ಬೇಗ ಕೈಗೆಟುಕುತ್ತಾನೆ, ಅಗ್ಗಕ್ಕೂ ಸಿಗುತ್ತಾನೆ. ಅಣು ತಡವಾಗಿ ಬರುತ್ತದೆ, ದುಬಾರಿ ಬಂಡವಾಳ ಬೇಡುತ್ತದೆ, ಬಂದ ಮೇಲೆ ಅರ್ಧ ಶತಮಾನ ದುಡಿಯುತ್ತದೆ.

ಕಾರಂತರ ಪ್ರಶ್ನೆ ಇಂದಿಗೂ ಜೀವಂತ

ಅಣುವಿನ ವೈಭವವನ್ನು ಬಣ್ಣಿಸುವ ಯಾವ ಕನ್ನಡ ಲೇಖನವೂ ಕೋಟ ಶಿವರಾಮ ಕಾರಂತರನ್ನು ಮರೆಯುವಂತಿಲ್ಲ. ಕೈಗಾ ಯೋಜನೆಯನ್ನು ತೀವ್ರವಾಗಿ ವಿರೋಧಿಸಿದ ಅವರು 1989ರಲ್ಲಿ, ಎಂಬತ್ತೇಳರ ಇಳಿವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭಾ ಚುನಾವಣೆಗೇ ನಿಂತರು. ಗೆಲ್ಲಲಿಲ್ಲ, ಆದರೆ ಪಶ್ಚಿಮಘಟ್ಟದ ಕಾಡಿಗೂ ಅಲ್ಲಿನ ಜನರಿಗೂ ಬೆಲೆ ಕಟ್ಟುವವರಾರು ಎಂಬ ಚರ್ಚೆಯನ್ನು ಮನೆಮನೆಗೆ ತಲುಪಿಸಿದರು. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿಬಿದ್ದಾಗ ಆ ಆತಂಕಕ್ಕೆ ಮತ್ತಷ್ಟು ಬಲ ಬಂತು. ಇಂಧನವಿನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ವಿನ್ಯಾಸವನ್ನು ಪರಿಷ್ಕರಿಸಿ ಗುಮ್ಮಟವನ್ನು ಮರುನಿರ್ಮಿಸಲಾಯಿತು. ಮುಂದೆ 962 ದಿನಗಳ ದಾಖಲೆ ಬರೆದದ್ದು ಇದೇ ಘಟಕ. ಆ ಓಟ ಆರಂಭವಾದದ್ದೂ ಮತ್ತೊಂದು ಮೇ 13ರಂದೇ.

ಭಾರತದ ಸ್ಥಾವರಗಳು ಕಠಿಣ ಪರೀಕ್ಷೆಗಳನ್ನೂ ಎದುರಿಸಿವೆ. 1993ರ ಮಾರ್ಚ್ 31ರಂದು ನರೋರಾದಲ್ಲಿ ಟರ್ಬೈನ್ ಅಲಗು ಮುರಿದು ಬೆಂಕಿ ಹೊತ್ತಿ, ಸ್ಥಾವರದ ವಿದ್ಯುತ್ ಪೂರೈಕೆಯೇ ಸಂಪೂರ್ಣ ಕಡಿದುಹೋಗಿತ್ತು. ವಿಕಿರಣ ಹೊರಬೀಳದಂತೆ ಸಿಬ್ಬಂದಿ ಪರಿಸ್ಥಿತಿ ನಿಭಾಯಿಸಿದರು. 2004ರ ಸುನಾಮಿ ಅಪ್ಪಳಿಸಿದಾಗ ಕಲ್ಪಾಕ್ಕಂ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ಬಳಕೆಯಾದ ಇಂಧನವನ್ನು ಭಾರತ ಮರುಸಂಸ್ಕರಿಸಿ ಪ್ಲುಟೋನಿಯಂ ಬೇರ್ಪಡಿಸುತ್ತದೆ. ಉಳಿದ ತೀವ್ರ ವಿಕಿರಣ ತ್ಯಾಜ್ಯವನ್ನು ಗಾಜಿನೊಳಗೆ ಎರಕ ಹೊಯ್ದು ಘನೀಕರಿಸುತ್ತದೆ. ತ್ಯಾಜ್ಯದ ಗಾತ್ರ ಕಿರಿದು, ಆದರೆ ಅದನ್ನು ಕಾಯಬೇಕಾದ ಕಾಲ ಹಿರಿದು. ಶಾಶ್ವತ ಭೂಗರ್ಭ ಭಂಡಾರ ಭಾರತದಲ್ಲಿ ಇನ್ನೂ ನಿರ್ಮಾಣವಾಗಿಲ್ಲ.

ಉತ್ತರ ಕನ್ನಡದ ತ್ಯಾಗವನ್ನೂ ರಾಷ್ಟ್ರ ನೆನೆಯಬೇಕು. ಕಾಳಿ ಕಣಿವೆಯ ಅಣೆಕಟ್ಟುಗಳಿಗೆ, ಕೈಗಾ ಸ್ಥಾವರಕ್ಕೆ, ಕಾರವಾರದ ಸೀಬರ್ಡ್ ನೌಕಾನೆಲೆಗೆ ಹೀಗೆ ಮೂರು ಬಾರಿ ಈ ಒಂದೇ ಜಿಲ್ಲೆ ತನ್ನ ನೆಲವನ್ನು ಬಿಟ್ಟುಕೊಟ್ಟಿದೆ. ದೇಶಕ್ಕೆ ಬೆಳಕು ಕೊಟ್ಟವರಿಗೆ ಪುನರ್ವಸತಿ, ಉದ್ಯೋಗ, ಆರೋಗ್ಯ ಸೌಲಭ್ಯಗಳು ಹಕ್ಕಾಗಿ ಸಲ್ಲಬೇಕು.

ಸಮಗ್ರವಾಗಿ ನೋಡಿದಾಗ ತೀರ್ಮಾನ ಸ್ಪಷ್ಟ. ಮುಂದಿನ ದಶಕದ ಬೇಡಿಕೆಯನ್ನು ಪೂರೈಸುವ ಮುಖ್ಯ ಹೊಣೆ ಸೂರ್ಯನದು, ಗಾಳಿಯದು. ಅವು ಬೇಗ ಬರುತ್ತವೆ. ಆನಂತರದ ದಶಕಗಳಲ್ಲಿ ಕಲ್ಲಿದ್ದಲು ಸ್ಥಾವರಗಳು ಒಂದೊಂದಾಗಿ ನಿವೃತ್ತಿಯಾಗುವಾಗ ಆ ಸ್ಥಾನವನ್ನು ಹಗಲಿರುಳು ತುಂಬಬಲ್ಲ ಶಕ್ತಿ ಅಣುವಿಗಿದೆ. ಆ ಶಕ್ತಿ ಸಮಯಕ್ಕೆ ಸಿಗಬೇಕಾದರೆ ಇಂದೇ ಅಡಿಪಾಯ ಬೀಳಬೇಕು. ನೂರು ಗಿಗಾವಾಟ್‌ನ ಗುರಿ ಪೂರ್ಣವಾಗಿ ಈಡೇರದೆ ಅರ್ಧದಷ್ಟೇ ಕೈಗೂಡಿದರೂ ಅದು ಇಂದಿನ ಸಾಮರ್ಥ್ಯದ ಐದು ಪಟ್ಟಿಗೂ ಮಿಗಿಲು. ವೇಗದ ಭರದಲ್ಲಿ ಸುರಕ್ಷತೆಯಲ್ಲಿ ರಾಜಿಯಾಗಬಾರದು, ನಿಯಂತ್ರಣ ಮಂಡಳಿ ನಿರ್ಭೀತವಾಗಿರಬೇಕು, ಸ್ಥಾವರದ ನೆರೆಹೊರೆಯ ಜನರಿಗೆ ಮಾಹಿತಿ ಮುಚ್ಚುಮರೆಯಿಲ್ಲದೆ ದೊರೆಯಬೇಕು. ಈ ಮೂರು ಷರತ್ತುಗಳನ್ನು ಪಾಲಿಸಿದರೆ ಅಣುವಿದ್ಯುತ್ತು ಭಾರತದ ಹಸಿರು ಭವಿಷ್ಯಕ್ಕೆ ಅತ್ಯಂತ ವಿಶ್ವಾಸಾರ್ಹ ಆಧಾರವಾಗಬಲ್ಲದು.